ರೋಮನ್ನರ ಕಾಲದ ನಾಟಕದಲ್ಲಿ ನಮ್ಮ ಮಾತು?



ಹೋದ ವಾರ ತರಗತಿಯಲ್ಲಿ ರೋಮನ್ನರ ಪಾಠ ಮಾಡುತ್ತಿದ್ದೆ. ರಾಜರ ಹೆಸರು, ಇಸವಿ ಹೇಳಿದರೆ ಮಕ್ಕಳಿಗೆ ಆಕಳಿಕೆ. ಪಾಠ ಪಕ್ಕಕ್ಕಿಟ್ಟು ಕಥೆಗೆ ಇಳಿದೆ. ನೀರೋ ಚಕ್ರವರ್ತಿ ಪಚ್ಚೆಕಲ್ಲು ಹಿಡಿದು ಮಲ್ಲರ ಕಾಳಗ ನೋಡುತ್ತಿದ್ದನಂತೆ. ವೆಸ್ಪಾಸಿಯನ್ ಎಂಬ ಚಕ್ರವರ್ತಿ ಮೂತ್ರಕ್ಕೂ ತೆರಿಗೆ ಹಾಕಿದ್ದ! ಬಟ್ಟೆ ಒಗೆಯುವವರು ಅದನ್ನು ಬಳಸುತ್ತಿದ್ದರು, ಅದಕ್ಕೇ. ಮಗ ಟೈಟಸ್ ಇದೇನಪ್ಪ ಅಸಹ್ಯ ಎಂದಾಗ, ಆ ತೆರಿಗೆಯ ನಾಣ್ಯವನ್ನೇ ಅವನ ಮೂಗಿಗೆ ಹಿಡಿದು ವಾಸನೆ ಬರುತ್ತದೆಯೇ ಎಂದು ಕೇಳಿದನಂತೆ. ಇಡೀ ತರಗತಿ ನಕ್ಕಿತು.

ಆಗ ಒಬ್ಬ ಹುಡುಗ ಎದ್ದು, "ಸಾರ್, ಅವರಿಗೆ ನಮ್ಮೂರು ಗೊತ್ತಿತ್ತಾ?" ಎಂದ.

ಶಂಕಗಿರಿ ಗೊತ್ತಿತ್ತು ಅಂತ ಹೇಳಲಾರೆ. ಆದರೆ ನಮ್ಮ ಕೊಂಗು ನಾಡು ಅವರಿಗೆ ದೂರದ್ದೇನೂ ಅಲ್ಲ. ಪಕ್ಕದ ಈರೋಡು ಜಿಲ್ಲೆಯ ಚೆನ್ನಿಮಲೈ ಹತ್ತಿರ, ನೊಯ್ಯಲ್ ನದಿಯ ದಡದಲ್ಲಿ ಕೊಡುಮಣಲ್ ಎಂಬ ಊರಿದೆ. ಅಲ್ಲಿ ಅಗೆದಾಗ ಮಣಿ ಮಾಡುವ ಕಾರ್ಖಾನೆಗಳ ಗುರುತು ಸಿಕ್ಕಿತು. ಕೊಯಮತ್ತೂರಿನ ವೆಳ್ಳಲೂರಿನಲ್ಲಿ 1842ರಲ್ಲೇ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. ಮೆಣಸು, ಮುತ್ತು, ಮಣಿಗಾಗಿ ಇಷ್ಟೊಂದು ಹಣ ಭಾರತಕ್ಕೆ ಹರಿದು ಹೋಗುತ್ತಿದೆಯಲ್ಲ ಎಂದು ಅವರ ಪಂಡಿತ ಪ್ಲಿನಿ ಗೊಣಗಿದ್ದಾನೆ.

ಇದೆಲ್ಲ ಸರಿ. ಆದರೆ ನನಗೆ ಬಹಳ ಇಷ್ಟವಾದ ಕಥೆ ಇನ್ನೊಂದಿದೆ. ಅದು ಸಿಕ್ಕಿದ್ದು ಈಜಿಪ್ಟಿನ ಕಸದ ಗುಡ್ಡೆಯಲ್ಲಿ.

ಈಜಿಪ್ಟ್ ಆಗ ರೋಮನ್ನರ ಕೈಯಲ್ಲಿತ್ತು. ಅಲ್ಲಿನ ಆಕ್ಸಿರಿಂಕಸ್ ಎಂಬ ಊರಿನ ಹಳೇ ಕಸ ಅಗೆದಾಗ ರಾಶಿ ರಾಶಿ ಪಪೈರಸ್ ಹಾಳೆಗಳು ಬಂದವು. ಅದರಲ್ಲೊಂದು ಗ್ರೀಕ್ ಭಾಷೆಯ ನಗೆನಾಟಕ. ಹಾಳೆ ಕ್ರಿ.ಶ. 2ನೇ ಶತಮಾನದ್ದು, ಅಚ್ಚಾದದ್ದು 1903ರಲ್ಲಿ. ಕಥೆ ಹೀಗಿದೆ. ಕಾರಿಟಿಯಾನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲ ತೀರದ ಒಂದು ಗುಡಿಯಲ್ಲಿ ಸೆರೆ. ಅವಳ ಅಣ್ಣ ಹಡಗಿನಲ್ಲಿ ಬಿಡಿಸಿಕೊಳ್ಳಲು ಬರುತ್ತಾನೆ. ಜೊತೆಗೊಬ್ಬ ವಿದೂಷಕ. ಈ ವಿದೂಷಕನ ಆಯುಧ ಏನು ಗೊತ್ತೇ? ಹೂಸು! ಬಿಲ್ಲು ಹಿಡಿದು ಬಂದ ಹೆಂಗಸರ ದಂಡನ್ನು ಅದರಿಂದಲೇ ಓಡಿಸುತ್ತಾನೆ. ಎಲ್ಲಿ ವಾದ್ಯ ಬಾರಿಸಬೇಕು ಎಂಬ ಗುರುತು ಕೂಡ ಹಾಳೆಯಲ್ಲಿದೆ.

ಬಿಡಿಸಿಕೊಳ್ಳುವ ಉಪಾಯ ದ್ರಾಕ್ಷಾರಸದ್ದು. ಗ್ರೀಕರು, ರೋಮನ್ನರು ಅದಕ್ಕೆ ನೀರು ಬೆರೆಸಿ ಕುಡಿಯುವವರು, ಬೆರೆಸದೆ ಕುಡಿದವನು ಅನಾಗರಿಕ. ಭಾರತದ ರಾಜನಿಗೆ, ಅವನ ಕಡೆಯವರಿಗೆ ನೀರು ಬೆರೆಸದೇ ಕೊಟ್ಟು, ಅಮಲೇರಿದ ಮೇಲೆ ರಾಜನನ್ನು ಕಟ್ಟಿಹಾಕಿ ಹೊರಟುಬಿಡುತ್ತಾರೆ.

ಈ ರಾಜನ ಕಡೆಯವರು ಗ್ರೀಕ್ ಅಲ್ಲದ ಒಂದು ಭಾಷೆಯಲ್ಲಿ ಮಾತಾಡುತ್ತಾರೆ. ಗ್ರೀಕ್ ಲಿಪಿಯಲ್ಲಿ ಬರೆದಿದೆ, ಅರ್ಥ ತಿಳಿಯದು. 1904ರಲ್ಲಿ ಹುಲ್ಶ್ ಎಂಬ ಜರ್ಮನ್ ವಿದ್ವಾಂಸರು ಇದು ಕನ್ನಡ ಎಂದರು. ಬೇರೆ, ಕೊಂಚ, ಮಧು, ಪಾತ್ರ ಎಂಬ ಪದಗಳು ಅವರಿಗೆ ಕಂಡವು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಮೈಸೂರಿನ ಶಾಮಶಾಸ್ತ್ರಿಗಳು, ಗಡಿನಾಡು ಮಂಜೇಶ್ವರದ ಗೋವಿಂದ ಪೈಗಳು ಕೂಡ ಕನ್ನಡವೆಂದೇ ವಾದಿಸಿದರು. ಹೌದಾದರೆ ಹಲ್ಮಿಡಿ ಶಾಸನಕ್ಕಿಂತ ಇನ್ನೂರೈವತ್ತು ವರ್ಷಕ್ಕೂ ಹಿಂದಿನ ಕನ್ನಡ!

ಎಲ್ಲರೂ ಒಪ್ಪಿಲ್ಲ. ತುಳು ಎಂದವರಿದ್ದಾರೆ, ಸುಮ್ಮನೆ ನಗಿಸಲು ಕಟ್ಟಿದ ಶಬ್ದ ಎಂದವರೂ ಇದ್ದಾರೆ. ನನಗೂ ಒಂದು ಅನುಮಾನ. ಹುಲ್ಶ್ 'ಹಾಕಿ' ಎಂದು ಓದಿದ್ದಾರೆ. ಹಳಗನ್ನಡದಲ್ಲಿ ಪಾಲು, ಪೂವು ಎಂದು 'ಪ' ಇತ್ತು, ಅದು 'ಹ' ಆದದ್ದು ಎಷ್ಟೋ ಶತಮಾನ ಆದ ಮೇಲೆ. ಮಧು, ಪಾತ್ರ ಸಂಸ್ಕೃತದವು, ಯಾವ ಭಾಷೆಗಾದರೂ ಹೋಗಬಹುದು. ಆದ್ದರಿಂದ ಮಕ್ಕಳಿಗೆ "ಇರಬಹುದು" ಎಂದೇ ಹೇಳಿದೆ, "ಇದೆ" ಎನ್ನಲಿಲ್ಲ. ಕನ್ನಡದ ಮೇಲಿನ ಅಭಿಮಾನಕ್ಕೆ ಇಲ್ಲದ್ದನ್ನು ಇದೆ ಎಂದು ಕಲಿಸಬಾರದು.

ಇನ್ನೊಂದು ವಿಷಯ ಮನಸ್ಸಿಗೆ ಚುಚ್ಚುತ್ತದೆ. ಆ ಮಾತನ್ನು ನಾಟಕದಲ್ಲಿ ಇಟ್ಟದ್ದು ಕೇಳಿದವರು ನಗಲಿ ಅಂತ. ನಮ್ಮ ಕಡೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಚಿಕ್ಕಂದಿನಲ್ಲಿ ಸಂತೆಯಲ್ಲಿ ಅಮ್ಮನನ್ನು ಕನ್ನಡದಲ್ಲಿ ಕೂಗಿದಾಗ ಅಂಗಡಿಯವನೊಬ್ಬ ನನ್ನ ಮಾತನ್ನು ಅಣಕಿಸಿ ನಕ್ಕಿದ್ದ. ಆಮೇಲೆ ಬಹಳ ದಿನ ಸಂತೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಇದನ್ನೂ ತರಗತಿಯಲ್ಲಿ ಹೇಳಿದೆ. ಎರಡು ಮೂರು ಮಕ್ಕಳು ತಲೆ ತಗ್ಗಿಸಿದರು, ನಾನು ಏನೂ ಕೇಳಲಿಲ್ಲ.

ಈಗ ಆ ನಾಟಕವನ್ನು ವಾರ್ಷಿಕೋತ್ಸವಕ್ಕೆ ಆಡೋಣ ಎಂದು ಹಠ ಹಿಡಿದಿದ್ದಾರೆ. ರಾಜನ ಕಡೆಯವರ ಮಾತನ್ನು ಚೆನ್ನಾಗಿ ಅರ್ಥವಾಗುವ ಕನ್ನಡದಲ್ಲಿ ನಾವೇ ಬರೆಯುತ್ತಿದ್ದೇವೆ. ದ್ರಾಕ್ಷಾರಸದ ಬದಲು ಪಾನಕ. ವಿದೂಷಕನ ಪಾತ್ರಕ್ಕೆ ಈಗಲೇ ನಾಲ್ಕು ಜನ ಸಿದ್ಧ. ಅವನ ಆ ಆಯುಧವನ್ನು ಇಡಬೇಕೋ ಬಿಡಬೇಕೋ ಎಂದು ಹೆಡ್‌ಮಾಸ್ಟರನ್ನು ಕೇಳಲು ಮಾತ್ರ ನನಗಿನ್ನೂ ಧೈರ್ಯ ಬಂದಿಲ್ಲ.