ಬಾಯಲ್ಲಿ ಹುಟ್ಟಿ ದಫ್ತರದಲ್ಲಿ ನಿಂತ ಅಡ್ಡಹೆಸರು

ತುಂಗಭದ್ರೆಯ ಈ ದಂಡೆಗೆ ರಾಣೆಬೆನ್ನೂರು ತಾಲ್ಲೂಕು, ಆ ದಂಡೆಗೆ ಹರಿಹರ. ಎರಡೂ ಕಡೆ ಕನ್ನಡವೇ ಮಾತು, ಹೆಚ್ಚುಕಡಿಮೆ ಅವೇ ಜಾತಿ-ಮತಗಳು, ನಡುವೆ ಕೊಟ್ಟು ತರುವ ಬೀಗತನವೂ ಉಂಟು. ಆದರೆ ಹೆಸರು ಬರೆಯುವ ರೀತಿ ಹೊಳೆ ದಾಟಿದೊಡನೆ ಬದಲಾಗುತ್ತದೆ. ಬ್ಯಾಡಗಿ, ಹಾವೇರಿ, ರಾಣೆಬೆನ್ನೂರಿನ ಕಡೆ ಮೊದಲು ತನ್ನ ಹೆಸರು, ಆಮೇಲೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಹಳೆ ಮೈಸೂರಿನ ಕಡೆ ಊರೂ ತಂದೆಯೂ ಒಂದೊಂದು ಅಕ್ಷರವಾಗಿ ಹೆಸರಿನ ಮುಂದೆ ಕುಳಿತುಕೊಳ್ಳುತ್ತವೆ. ಕುಪ್ಪಳಿ ವೆಂಕಟಪ್ಪನವರ ಮಗ ಪುಟ್ಟಪ್ಪನವರು ಕೆ.ವಿ. ಪುಟ್ಟಪ್ಪ ಆದಂತೆ. 1956ರವರೆಗೆ ಈ ಹೊಳೆ ಮುಂಬಯಿ ಸರಕಾರಕ್ಕೆ ಸೇರಿದ ಧಾರವಾಡ ಜಿಲ್ಲೆಗೂ ಮೈಸೂರು ಸೀಮೆಗೂ ನಡುವಿನ ಗಡಿಯಾಗಿತ್ತು ಎಂಬುದನ್ನು ನೆನೆದರೆ ಈ ವ್ಯತ್ಯಾಸದ ಮೂಲ ತಿಳಿಯುತ್ತದೆ. ಭಾಷೆಯಾಗಲಿ ಜಾತಿಯಾಗಲಿ ಇದಕ್ಕೆ ಕಾರಣವಲ್ಲ. ನಮ್ಮ ಅಡ್ಡಹೆಸರುಗಳು ಜನರ ಬಾಯಲ್ಲಿ ಹುಟ್ಟಿದವು, ಸರಕಾರಿ ದಫ್ತರದಲ್ಲಿ ಗಟ್ಟಿಯಾದವು. ಆದ್ದರಿಂದ ಅವನ್ನು ಬರೀ ಜಾತಿಯ ಗುರುತೆಂದು ಓದುವುದು ಅರೆ ಓದು ಎಂಬುದು ಈ ಲೇಖನದ ವಾದ.

ಬಾಯಲ್ಲಿ ಹುಟ್ಟಿದ್ದಕ್ಕೆ ಸಾಕ್ಷಿ ಹೆಸರುಗಳ ಕ್ರಮದಲ್ಲೇ ಇದೆ. ಹಾವೇರಿ ತಾಲ್ಲೂಕಿನ ಕುರಬಗೊಂಡದಲ್ಲಿ ಹುಟ್ಟಿದ ಪಾಟೀಲ ಪುಟ್ಟಪ್ಪನವರನ್ನು ನಾಡು ಹಾಗೆಯೇ ಕರೆಯಿತು, ಪುಟ್ಟಪ್ಪ ಪಾಟೀಲ ಎಂದಲ್ಲ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನವರು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದವರು ಮೈಲಾರ ಮಹದೇವಪ್ಪ. ಮಾತಿನಲ್ಲಿ ಮೊದಲು ಮನೆತನ, ಆಮೇಲೆ ಮನುಷ್ಯ. ಒಂದೇ ಊರಲ್ಲಿ ನಾಲ್ಕಾರು ಬಸಪ್ಪ, ಹತ್ತಾರು ನಿಂಗಪ್ಪ ಇದ್ದರೆ ಯಾವ ಮನೆಯವನು ಎಂದು ತಿಳಿಯಲು ಹುದ್ದೆ, ಕಸುಬು, ವ್ಯಾಪಾರ, ದೇವರು, ಮಠ, ಬಿಟ್ಟುಬಂದ ಊರು ಎಲ್ಲವೂ ಬಳಕೆಗೆ ಬಂದವು. ಊರಾಳಿಕೆಯಿಂದ ಪಾಟೀಲ, ಕುಲಕರ್ಣಿ, ದೇಸಾಯಿ, ತಳವಾರ ಬಂದವು. ಕಸುಬಿನಿಂದ ಬಡಿಗೇರ, ಕಮ್ಮಾರ, ಹೂಗಾರ. ವ್ಯಾಪಾರದಿಂದ ಅಂಗಡಿ, ಬೆಲ್ಲದ, ಮೆಣಸಿನಕಾಯಿ. ಈ ಕೊನೆಯದು ಕಾಲದ ಲೆಕ್ಕಕ್ಕೂ ನೆರವಾಗುತ್ತದೆ. ಬ್ಯಾಡಗಿಯನ್ನು ದೇಶಕ್ಕೆಲ್ಲ ಪರಿಚಯಿಸಿದ, 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಈ ಬೆಳೆಯ ತವರು ಅಮೆರಿಕ ಖಂಡ. ನಮ್ಮ ನೆಲಕ್ಕೆ ಅದು ಬಂದದ್ದು ಪೋರ್ಚುಗೀಸರು ಬಂದ ಮೇಲೆ. ಅಂದಮೇಲೆ ಮೆಣಸಿನಕಾಯಿ ಎಂಬ ಅಡ್ಡಹೆಸರು 16ನೇ ಶತಮಾನಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಬೆಲ್ಲದ, ಕಮ್ಮಾರಗಳಿಗೆ ಹೀಗೊಂದು ಗೆರೆ ಎಳೆಯಲಾಗದು.

ಅಡ್ಡಹೆಸರಾದ ಊರಿನ ಹೆಸರುಗಳು ಇನ್ನೂ ಹೆಚ್ಚು ಹೇಳುತ್ತವೆ. ಬ್ಯಾಡಗಿಯೊಳಗೆ ಒಬ್ಬರನ್ನು ಬ್ಯಾಡಗಿ ಎಂದು ಕರೆದರೆ ಯಾರೆಂದು ಗೊತ್ತಾಗುವುದಿಲ್ಲ, ಅಲ್ಲಿ ಎಲ್ಲರೂ ಬ್ಯಾಡಗಿಯವರೇ. ಅದೇ ಮನೆಯವರು ಹುಬ್ಬಳ್ಳಿಗೋ ಗದಗಕ್ಕೋ ಹೋಗಿ ನೆಲೆಸಿದರೆ ಆ ಹೆಸರು ಅಲ್ಲಿ ಕೆಲಸಕ್ಕೆ ಬರುತ್ತದೆ. ಊರಿನ ಹೆಸರು ಅಡ್ಡಹೆಸರಾಗಿದೆ ಎಂದರೆ ಆ ಮನೆತನ ಎಂದೋ ಆ ಊರು ಬಿಟ್ಟಿದೆ ಎಂದೇ ಸಾಮಾನ್ಯವಾಗಿ ತಿಳಿಯಬೇಕು. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಗೋಕಾಕದಲ್ಲಲ್ಲ, ಇಂದು ಹಾವೇರಿ ಜಿಲ್ಲೆಯಲ್ಲಿರುವ ಸವಣೂರಿನಲ್ಲಿ. ಎಂ.ಎಂ. ಕಲಬುರ್ಗಿಯವರು ಹುಟ್ಟಿದ್ದು ಕಲಬುರ್ಗಿಯಲ್ಲಲ್ಲ, ಸಿಂದಗಿ ತಾಲ್ಲೂಕಿನ ಗುಬ್ಬೇವಾಡದಲ್ಲಿ. ಗಂಗೂಬಾಯಿ ಹಾನಗಲ್ಲರು 1913ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ. ಅವರ ಆರಂಭದ ಧ್ವನಿಮುದ್ರಿಕೆಗಳು ‘ಗಾಂಧಾರಿ ಹುಬ್ಬಳ್ಳಿ’ ಎಂಬ ಹೆಸರಿನಲ್ಲಿ ಹೊರಬಂದವು. ಕೊನೆಗೆ ನಿಂತದ್ದು ಹಾನಗಲ್. ಪತಿಯ ಮನೆತನ ಕೌಲಗಿ. ಮಗಳು ಗಾಯಕಿಯಾಗಿ ಹೆಸರಾದದ್ದು ಕೃಷ್ಣಾ ಹಾನಗಲ್ ಎಂದು. ಅಡ್ಡಹೆಸರು ಗಂಡಸರಿಂದಲೇ ಮುಂದುವರಿಯುತ್ತದೆ ಎನ್ನುವವರಿಗೆ ಈ ಒಂದು ಮನೆತನವೇ ಉತ್ತರ. ಕಚೇರಿಯ ಕಟ್ಟಳೆ ಏನೇ ಇರಲಿ, ಜನ ಯಾರನ್ನು ಯಾವ ಹೆಸರಿನಿಂದ ಗುರುತಿಸಿದರೋ ಅದೇ ಉಳಿಯಿತು.

ಹಾಗಾದರೆ ಗಟ್ಟಿಯಾದದ್ದು ಯಾವಾಗ? 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಈ ಸೀಮೆ ಕಂಪನಿ ಸರಕಾರದ ಕೈಸೇರಿತು. 19ನೇ ಶತಮಾನದಲ್ಲಿ ಹೊಲಗಳ ಮೋಜಣಿ ನಡೆದು ಖಾತೆದಾರರ ಹೆಸರು ಪುಸ್ತಕಕ್ಕೆ ಏರಿತು. 1874ರ ಮುಂಬಯಿ ವತನ ಕಾಯ್ದೆ ಪಾಟೀಲಕಿ, ಕುಲಕರ್ಣಿಕಿಗಳ ಹಕ್ಕುದಾರರು ಯಾರೆಂಬುದನ್ನು ದಾಖಲೆಗೆ ಕಟ್ಟಿತು. ಕನ್ನಡ ಸಾಲಿಗಳ ಹಾಜರಿ ಪುಸ್ತಕ ಅದೇ ಪದ್ಧತಿಯನ್ನು ಮನೆಮನೆಗೆ ಮುಟ್ಟಿಸಿತು. ಮಾತಿನಲ್ಲಿ ಮುಂದಿದ್ದ ಮನೆತನ ಬರಹದಲ್ಲಿ ಹಿಂದಕ್ಕೆ ಸರಿಯಿತು. ಸೋಮಪ್ಪ ರಾಯಪ್ಪ ಬೊಮ್ಮಾಯಿ, ಬಸವರಾಜ ಸೋಮಪ್ಪ ಬೊಮ್ಮಾಯಿ ಎಂಬ ಇಬ್ಬರು ಮುಖ್ಯಮಂತ್ರಿಗಳ ಹೆಸರು ಒಟ್ಟಿಗಿಟ್ಟು ನೋಡಿದರೆ ಈ ವ್ಯವಸ್ಥೆ ಕಣ್ಣಿಗೆ ಕಟ್ಟುತ್ತದೆ: ತಂದೆಯ ಹೆಸರು ಮಗನ ನಡುವಿನ ಹೆಸರಾಗುತ್ತದೆ, ಅಜ್ಜನ ಹೆಸರು ಬಿಟ್ಟುಹೋಗುತ್ತದೆ, ಮನೆತನವೊಂದೇ ಅಲುಗದೆ ನಿಲ್ಲುತ್ತದೆ. ಇಂಗ್ಲೆಂಡಿನಲ್ಲೂ ನಡೆದದ್ದು ಇದೇ. ಕಮ್ಮಾರ ಸ್ಮಿತ್ ಆದ, ರೊಟ್ಟಿ ಸುಡುವವ ಬೇಕರ್ ಆದ. ನಾರ್ಮನ್ನರು ಬಂದ ಮೇಲಿನ ಶತಮಾನಗಳಲ್ಲಿ ಹಬ್ಬಿದ ಈ ರೂಢಿಗೆ 1538ರಲ್ಲಿ ಆರಂಭವಾದ ಚರ್ಚಿನ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರದ ಪುಸ್ತಕಗಳು ಇನ್ನಷ್ಟು ಭದ್ರತೆ ಕೊಟ್ಟವು.

ಈ ವಾದಕ್ಕೆ ಎರಡು ಆಕ್ಷೇಪ ಬರುತ್ತವೆ. ದೇಸಾಯಿ, ಕುಲಕರ್ಣಿಗಳು ಬ್ರಿಟಿಷರಿಗಿಂತ ಎಷ್ಟೋ ಮೊದಲು ಇದ್ದವಲ್ಲ ಎಂಬುದು ಮೊದಲನೆಯದು. ಇದ್ದವು ನಿಜ, ಆದರೆ ಹುದ್ದೆಯಾಗಿ ಇದ್ದವು. ಹುದ್ದೆ ನಡೆಸದ ತಮ್ಮನಿಗೂ ದೂರದ ಪಟ್ಟಣದ ಮೊಮ್ಮಗನಿಗೂ ಅದು ತಪ್ಪದೆ ಅಂಟಿಕೊಂಡದ್ದು ಕಾಗದದ ಬಲದಿಂದ. 1963ರಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದವು, ಪಾಟೀಲಕಿ ಹೋಯಿತು, ಪಾಟೀಲ ಉಳಿಯಿತು. ಹಳೆ ಮೈಸೂರಿನ ಹಳ್ಳಿಗಳಲ್ಲೂ ಮನೆತನದ ಹೆಸರುಗಳು ಬಾಯಲ್ಲಿವೆ, ಕಾಗದದಲ್ಲಿ ಅಷ್ಟಾಗಿ ಇಲ್ಲ. ಕಚೇರಿಯ ಪಾತ್ರವೇನೆಂದು ಇದೂ ತೋರಿಸುತ್ತದೆ. ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ: ಬಡಿಗೇರ, ಕುಂಬಾರ, ಹಿರೇಮಠ ಎಂದೊಡನೆ ಜಾತಿ ತಿಳಿಯುವುದಿಲ್ಲವೇ? ತಿಳಿಯುತ್ತದೆ. ಕಸುಬು ಜಾತಿಗೆ ಕಟ್ಟಿಬಿದ್ದಿದ್ದ ಕಡೆ ದಾಖಲೆ ಆ ಕಟ್ಟನ್ನು ಇನ್ನಷ್ಟು ಬಿಗಿ ಮಾಡಿತು. ಅಡ್ಡಹೆಸರು ಕೇಳಿಯೇ ಆಳನ್ನು ಅಳೆಯುವ ಕೆಟ್ಟ ಚಾಳಿ ಇಂದಿಗೂ ಇದೆ, ಆ ನೋವನ್ನು ಮುಚ್ಚಿಡಬಾರದು. ಆದರೆ ಪಾಟೀಲರಲ್ಲಿ ಲಿಂಗಾಯತರಿದ್ದಾರೆ, ಜೈನರಿದ್ದಾರೆ, ಮರಾಠರಿದ್ದಾರೆ, ಮುಸ್ಲಿಮರಿದ್ದಾರೆ. ಊರಿನ ಹೆಸರು ಹೊತ್ತವರಲ್ಲಂತೂ ಎಲ್ಲ ಜಾತಿ, ಎಲ್ಲ ಧರ್ಮದವರಿದ್ದಾರೆ. ಒಂದು ಬಗೆಯ ಹೆಸರಿಗೆ ಒಪ್ಪುವ ಮಾತನ್ನು ಎಲ್ಲದಕ್ಕೂ ಹಚ್ಚುವುದು ಸರಿಯಲ್ಲ.

ಕಲಬುರ್ಗಿಯವರ ‘ಕನ್ನಡ ನಾಮವಿಜ್ಞಾನ’ದಂಥ ಕೃತಿಗಳಿಂದ ಹೆಸರುಗಳ ಅಧ್ಯಯನಕ್ಕೆ ನಮ್ಮಲ್ಲಿ ಭದ್ರ ತಳಹದಿ ಬಿದ್ದಿದೆ. ಇನ್ನು ಬೇಕಾದದ್ದು ತಾಲ್ಲೂಕು ಮಟ್ಟದ ಕೆಲಸ: ಹಳೆಯ ಶಾಲಾ ದಾಖಲಾತಿ, ಹೊಲದ ಉತಾರ, ಹಿರಿಯರ ಮಾತು ಈ ಮೂರನ್ನೂ ಎದುರಾಬದುರಾ ಇಟ್ಟು ನೋಡುವುದು. ಯಾವ ಮನೆತನ ಎಲ್ಲಿಂದ ಬಂತು, ಯಾವ ಬರಗಾಲಕ್ಕೆ, ಯಾವ ಪೇಟೆಗೆ ಬಂತು ಎಂಬುದು ಹಾಗೆ ಕೂಡಿಸಿದಾಗಲೇ ಹೊರಬರುತ್ತದೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಈ ಕೆಲಸ ಕೈಗೆತ್ತಿಕೊಳ್ಳಲು ಅದಕ್ಕಿಂತ ಹತ್ತಿರದ ಸಂಸ್ಥೆ ಇನ್ನೊಂದಿಲ್ಲ. ಕಾಗದಗಳು ಇನ್ನೂ ಕೆಲಕಾಲ ಉಳಿದಾವು, ಅವನ್ನು ವಿವರಿಸಬಲ್ಲ ಹಿರಿಯರು ಅಷ್ಟು ಕಾಲ ಇರುವುದಿಲ್ಲ. ಅರಸರ ಚರಿತ್ರೆಗೆ ಶಾಸನಗಳಿವೆ. ಈ ಸೀಮೆಯ ಸಾಮಾನ್ಯರ ಚರಿತ್ರೆಗೆ ಅವರ ಅಡ್ಡಹೆಸರಿನಷ್ಟು ಎಲ್ಲರ ಬಳಿಯೂ ಇರುವ ದಾಖಲೆ ಬೇರೆ ಇಲ್ಲ.