ನಾಶಾಜ್ಞೆಗೆ ಗುರಿಯಾದ ಒಂದು ಮೂಕಚಿತ್ರ

ಭಯವೆಂಬ ಸ್ಥಾಯಿಭಾವದಿಂದ ಭಯಾನಕರಸವು ನಿಷ್ಪನ್ನವಾಗುವುದೆಂದು ಹೇಳಿದ ಭರತಮುನಿಯು ಆ ರಸಕ್ಕೆ ಕಪ್ಪು ಬಣ್ಣವನ್ನೂ ಕಾಲನೆಂಬ ಅಧಿದೇವತೆಯನ್ನೂ ವಿಧಿಸಿದನು. ಮಾತಿನ ನೆರವಿಲ್ಲದೆ ನೆಳಲು ಬೆಳಕುಗಳಿಂದಲೇ ಈ ರಸವನ್ನು ಸಾಧಿಸಿದ ಜರ್ಮನಿಯ ಮೂಕಚಿತ್ರವೊಂದುಂಟು. ಅದರ ಹೆಸರು ‘ನೋಸ್ಫೆರಾಟು’. ಅದರ ಕಥೆಗಿಂತಲೂ, ಸಾಯಬೇಕಾಗಿದ್ದ ಅದು ಸಾಯದೆ ಉಳಿದ ಚರಿತ್ರೆಯೇ ಹೆಚ್ಚು ವಿಚಾರಾರ್ಹವಾಗಿದೆ.

ಆಲ್ಬಿನ್ ಗ್ರೌ ಮತ್ತು ಎನ್ರಿಕೊ ಡೀಕ್‌ಮನ್ ಎಂಬವರು 1921ರಲ್ಲಿ ಒಂದು ಚಿತ್ರಸಂಸ್ಥೆಯನ್ನು ಸ್ಥಾಪಿಸಿ, ಅದಕ್ಕೆ ನಮ್ಮ ಸಂಸ್ಕೃತದ ‘ಪ್ರಾಣ’ ಶಬ್ದವನ್ನೇ ಹೆಸರಾಗಿಟ್ಟರು. ನಿರ್ದೇಶಕನು ಮುರ್ನೌ, ಕಥಾಸಂವಿಧಾನ ಹೆನ್ರಿಕ್ ಗಾಲೀನನದು, ರಂಗಸಜ್ಜು, ಉಡುಪುಗಳು ಗ್ರೌನವು. ಛಾಯಾಗ್ರಾಹಕ ವಾಗ್ನರನ ಕೈಯಲ್ಲಿದ್ದುದು ಒಂದೇ ಕ್ಯಾಮೆರಾ. ಜರ್ಮನಿಯ ವಿಸ್ಮಾರ್, ಲ್ಯೂಬೆಕ್ ಪಟ್ಟಣಗಳ ನಿಜವಾದ ಬೀದಿಗಳಲ್ಲಿಯೂ ಇಂದಿನ ಸ್ಲೊವಾಕಿಯಾದ ಒರಾವ ಕೋಟೆಯಲ್ಲಿಯೂ ಚಿತ್ರೀಕರಣ ನಡೆಯಿತು. ಮಾಕ್ಸ್ ಶ್ರೆಕ್ ಎಂಬ ನಟನು ನರರಕ್ತವನ್ನು ಹೀರುವ ಓರ್ಲಾಕ್ ಪ್ರಭುವಾದನು. ಇವನು ನಮ್ಮ ಬೇತಾಳನ ದಾಯಾದಿಯೆನ್ನಬಹುದಾದರೂ ಬೇತಾಳನಂತೆ ಕಥೆ ಹೇಳುವ ರಸಿಕತೆ ಇವನಿಗಿಲ್ಲ. ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಇವನ ನೆಳಲೊಂದೇ ಉಗುರು ಚಾಚಿ ಏರಿಹೋಗುವಾಗ ಭರತನು ಹೇಳಿದ ಕಪ್ಪು ಬಣ್ಣದ ಅರ್ಥವು ಮನದಟ್ಟಾಗುತ್ತದೆ.

ಚಿತ್ರವು 1922ರ ಮಾರ್ಚ್ 4ರಂದು ಬರ್ಲಿನ್ನಿನಲ್ಲಿ ಪ್ರದರ್ಶಿತವಾಯಿತು. ಆದರೆ ಇದರ ಕಥೆಯು ಬ್ರಾಮ್ ಸ್ಟೋಕರನು 1897ರಲ್ಲಿ ಪ್ರಕಟಿಸಿದ ‘ಡ್ರಾಕುಲಾ’ ಕಾದಂಬರಿಯದು. ಸಂಸ್ಥೆಯವರು ಹೆಸರುಗಳನ್ನು ಬದಲಿಸಿದರೇ ಹೊರತು ಅನುಮತಿಯನ್ನು ಪಡೆದಿರಲಿಲ್ಲ. ಸ್ಟೋಕರನು 1912ರಲ್ಲಿಯೇ ತೀರಿಕೊಂಡಿದ್ದನು. ಅವನ ವಿಧವೆ ಫ್ಲಾರೆನ್ಸ್ ವ್ಯಾಜ್ಯ ಹೂಡಿದಳು. ‘ಪ್ರಾಣ’ ಸಂಸ್ಥೆಯು ಈ ಒಂದೇ ಚಿತ್ರಕ್ಕೆ ದಿವಾಳಿಯೆದ್ದು ಪ್ರಾಣ ಬಿಟ್ಟಿತು. 1925ರಲ್ಲಿ ಚಿತ್ರದ ಪ್ರತಿಗಳೆಲ್ಲವನ್ನೂ ನಾಶಗೊಳಿಸಬೇಕೆಂದು ನ್ಯಾಯಾಲಯವು ಆಜ್ಞಾಪಿಸಿತು. ಆ ಹೆಂಗಸಿನ ದೂರು ನ್ಯಾಯವಾದುದೇ. ಪರರ ಕೃತಿಯನ್ನು ಕೇಳದೆ ಬಳಸುವುದು ಚೌರ್ಯವೇ ಸರಿ. ಆದರೆ ಕಳ್ಳನನ್ನು ದಂಡಿಸುವುದು ಬೇರೆ, ಕಲೆಯನ್ನು ಸುಡುವುದು ಬೇರೆ.

ಅಷ್ಟರಲ್ಲಿ ಪ್ರತಿಗಳು ಪರದೇಶಗಳಿಗೆ ಹೋಗಿಬಿಟ್ಟಿದ್ದವು. ಅವುಗಳಿಂದಲೇ ಚಿತ್ರವು ಉಳಿಯಿತು. ಆದರೆ ಓಲೆಗರಿಯ ಗ್ರಂಥಗಳಂತೆ ಪ್ರಮಾದಗಳೊಡನೆ ಉಳಿಯಿತು. ರಾತ್ರಿಯ ದೃಶ್ಯಗಳನ್ನು ಹಗಲಿನಲ್ಲಿ ತೆಗೆದು ಫಿಲ್ಮಿಗೆ ನೀಲಿ ಬಣ್ಣ ಕೊಡುವುದು ಆಗಿನ ಪದ್ಧತಿ. ಬಣ್ಣವಿಲ್ಲದೆ ತೆಗೆದ ಪ್ರತಿಗಳಲ್ಲಿ, ಸೂರ್ಯಕಿರಣ ಸೋಂಕಿದರೆ ಅಳಿಯಬೇಕಾದ ಓರ್ಲಾಕನು ಪಟ್ಟಹಗಲಿನಲ್ಲಿ ಬೀದಿ ಸುತ್ತುವಂತಾಯಿತು! ಫ್ರಾನ್ಸಿನಲ್ಲಿ ಉಳಿದಿದ್ದ ಬಣ್ಣದ ಪ್ರತಿಯೇ ಮೊದಲಾದವನ್ನು ವಿದ್ವಾಂಸರು ತಾಳೆ ನೋಡಿ ಶುದ್ಧಪಾಠವನ್ನು ಕಟ್ಟಿಕೊಟ್ಟರು. ಗ್ರಂಥಸಂಪಾದಕನ ಕಾರ್ಯವೂ ಇದಲ್ಲದೆ ಮತ್ತೇನು?

ನಮ್ಮ ರಾಯಚೂರು ಆಗ ಸೇರಿದ್ದ ಹೈದರಾಬಾದು ಸಂಸ್ಥಾನದಲ್ಲಿಯೂ ಅದೇ 1922ರಲ್ಲಿ ಧೀರೇಂದ್ರನಾಥ ಗಂಗೂಲಿಯವರು ‘ಲೋಟಸ್’ ಎಂಬ ಚಿತ್ರಸಂಸ್ಥೆಯನ್ನು ತೆರೆದಿದ್ದರು. ‘ರಜಿಯಾ ಬೇಗಂ’ ಎಂಬ ಚಿತ್ರವನ್ನು ತೋರಿಸಿದುದರಿಂದ ನಿಜಾಮರ ಅಸಮಾಧಾನಕ್ಕೆ ಪಾತ್ರರಾಗಿ 1924ರಲ್ಲಿ ಅವರು ಸಂಸ್ಥಾನವನ್ನೇ ಬಿಡಬೇಕಾಯಿತು. ಆದರೆ ಪ್ರಭುಗಳ ಕೋಪಕ್ಕಿಂತಲೂ ಅಲಕ್ಷ್ಯವೇ ಕ್ರೂರವಾದುದು. ಭಾರತದಲ್ಲಿ ತಯಾರಾದ ಸಾವಿರಕ್ಕೂ ಮಿಕ್ಕ ಮೂಕಚಿತ್ರಗಳಲ್ಲಿ ಇಂದು ಉಳಿದಿರುವುವು ಕೆಲವೇ. ಅವನ್ನು ಅಳಿಸಲು ಯಾವ ನ್ಯಾಯಾಲಯವೂ ಆಜ್ಞೆ ಮಾಡಿರಲಿಲ್ಲ.

ಮಾನ್ವಿಯ ಜಗನ್ನಾಥದಾಸರ ‘ಹರಿಕಥಾಮೃತಸಾರ’ವು ನಮ್ಮವರೆಗೆ ಬಂದುದು ಮನೆಮನೆಯಲ್ಲಿ ಪ್ರತಿ ಮಾಡಿಕೊಂಡವರಿಂದ, ಬಾಯಿಪಾಠ ಮಾಡಿದವರಿಂದ. ದೇವದುರ್ಗ, ಮಾನ್ವಿ, ರಾಯಚೂರುಗಳ ಹಳೆಯ ಮನೆಗಳ ಅಟ್ಟದ ಮೇಲೆ ಯಾರಲ್ಲಿಯಾದರೂ ಕೈಬರಹದ ಕಟ್ಟುಗಳಿದ್ದರೆ, ಈ ಮಳೆಗಾಲಕ್ಕೆ ಮುಂಚೆ ಅವನ್ನು ಕೆಳಗಿಳಿಸಿ ಬಿಚ್ಚಿನೋಡಲಿ. ಒಂದು ಪ್ರತಿಯನ್ನಾದರೂ ಮಾಡಿಸಿ ಬೇರೊಂದು ಮನೆಯಲ್ಲಿಡಲಿ. ನಾಶಾಜ್ಞೆಯನ್ನು ಗೆದ್ದ ಆ ಚಿತ್ರವನ್ನು ಕಾಪಾಡಿದುದು ಇದೊಂದೇ ಉಪಾಯ.