ಅಣಬೆ ಬೆಳೆಯಾದ ಕಥೆ



ಗುಡುಗು ಬಂದರೆ ಹುತ್ತದ ಮೇಲೆ ಅಣಬೆ ಏಳುತ್ತದೆ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಸಿಕ್ಕಿದ ದಿನ ಸಾರು, ಸಿಗದ ದಿನ ಇಲ್ಲ. ಹುತ್ತದ ಅಣಬೆ ಇಂದಿಗೂ ಮನುಷ್ಯನ ಕೈಗೆ ಒಗ್ಗಿಲ್ಲ. ಗೆದ್ದಲೇ ಅದರ ಒಕ್ಕಲಿಗ. ಆದರೆ ಬೇರೆ ಕೆಲವು ಅಣಬೆಗಳು ರೈತನ ಬೆಳೆಯಾಗಿವೆ. ಅದು ಹೇಗಾಯಿತು, ಕೇಳಿ.

ಫ್ರಾನ್ಸ್ ದೇಶದ ಪ್ಯಾರಿಸ್ ಸುತ್ತಿನ ತೋಟಗಾರರು ಹಿಂದೆಯೇ ಕುದುರೆ ಲದ್ದಿಯ ಮಡಿಗಳಲ್ಲಿ ಅಣಬೆ ಬೆಳೆಯುತ್ತಿದ್ದರು. 1707ರಲ್ಲಿ ಟೂರ್ನ್‌ಫೋರ್ ಎಂಬ ಸಸ್ಯಶಾಸ್ತ್ರಜ್ಞರು ಆ ಕ್ರಮವನ್ನು ವಿವರಿಸಿದರು. ಅಣಬೆಗೆ ಕಾಳಿಲ್ಲ, ಗೊಬ್ಬರದಲ್ಲಿ ಹಬ್ಬುವ ಬಿಳಿ ಎಳೆಯೇ ಅದರ ಬೀಜ, ಹಾಲಿಗೆ ಹೆಪ್ಪು ಇದ್ದ ಹಾಗೆ. ಹಳೆಯ ಮಡಿಯ ಎಳೆಯನ್ನು ಹೊಸ ಮಡಿಗೆ ಹಾಕಿದರೆ ರೋಗವೂ ಜೊತೆಗೇ ಬರುತ್ತಿತ್ತು. 1890ರ ದಶಕದಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಶುದ್ಧ ಬೀಜ ತಯಾರಾಯಿತು. ಆಮೇಲೆ ಬೆಳೆಗೆ ಭರವಸೆ ಬಂತು.

ಆ ಅಣಬೆಗೆ ತಂಪು ಬೇಕು. ನಮ್ಮ ಸೆಕೆಗೆ ಏನು ಮಾಡುವುದು? 1943ರಲ್ಲಿ ಕೊಯಮತ್ತೂರಿನಲ್ಲಿ ಭತ್ತದ ಹುಲ್ಲಿನ ಅಣಬೆಯನ್ನು ಬೆಳೆದು ತೋರಿಸಿದರು. 1961ರಲ್ಲಿ ಹಿಮಾಚಲದ ಸೋಲನ್‌ನಲ್ಲಿ ತಂಪು ಸೀಮೆಯ ಅಣಬೆಯ ಕೆಲಸ ಆರಂಭವಾಯಿತು. ಮರುವರ್ಷ, 1962ರಲ್ಲಿ, ನಮ್ಮ ಮೈಸೂರಿನ ಕೇಂದ್ರ ಆಹಾರ ಸಂಶೋಧನಾಲಯದ ಝಕಿಯಾ ಬಾನೊ ಮತ್ತು ಶ್ರೀವಾಸ್ತವ ಅವರು ಚಿಪ್ಪು ಅಣಬೆಯನ್ನು ಭತ್ತದ ಹುಲ್ಲಿನ ಮೇಲೆ ಬೆಳೆಸಿದ ವಿವರ ಪ್ರಕಟಿಸಿದರು. ಲದ್ದಿ ಬೇಡ, ಗೊಬ್ಬರ ಕೊಳೆಸುವುದೂ ಬೇಡ. ಹುಲ್ಲನ್ನು ಕತ್ತರಿಸಿ, ನೆನೆಸಿ, ಬಿಸಿನೀರಿನಲ್ಲಿ ಶುದ್ಧಮಾಡಿ, ಬಸಿದು, ಪದರ ಪದರಕ್ಕೆ ಬೀಜ ಹಾಕಿದರೆ ಸಾಕು. ಬಣವೆಯ ಹುಲ್ಲೇ ಹೊಲವಾಯಿತು ನೋಡಿ!

ಈ ಚರಿತ್ರೆಯಿಂದ ಮನೆಮಟ್ಟದ ಉದ್ಯೋಗಕ್ಕೆ ಸಿಗುವ ಬುದ್ಧಿ ಏನು? ಹೆಪ್ಪು ಕೆಟ್ಟರೆ ಹಾಲೂ ಕೆಟ್ಟಿತು. ಬೀಜವನ್ನು ನಂಬಿಕೆಯ ಪ್ರಯೋಗಾಲಯದಿಂದಲೇ ತನ್ನಿ. ಹಳೆಯ ಚೀಲದ ಎಳೆಯನ್ನು ಹೊಸದಕ್ಕೆ ಹಾಕಿ ಹಣ ಉಳಿಸಲು ಹೋಗಬೇಡಿ. ಎರಡನೆಯದು, ಅಣಬೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು. ಒಂದೆರಡು ದಿನಕ್ಕೇ ಬಾಡುತ್ತದೆ. ಕೊಳ್ಳುವವರನ್ನು ಮೊದಲು ಗೊತ್ತುಮಾಡಿಕೊಳ್ಳಿ. ಮಿಕ್ಕಿದ್ದನ್ನು ಅಂದೇ ಒಣಗಿಸಿ. ಹತ್ತು ಕಿಲೋ ಹಸಿ ಅಣಬೆ ಒಣಗಿದರೆ ಸುಮಾರು ಒಂದು ಕಿಲೋ ಆಗುತ್ತದೆ, ಬೆಲೆ ಕಟ್ಟುವಾಗ ಈ ಲೆಕ್ಕ ಮರೆಯಬಾರದು. ಒಣಗಿದ್ದನ್ನು ಗಾಳಿಯಾಡದ ಡಬ್ಬಿಯಲ್ಲಿಡಿ. ಪುಡಿಮಾಡಿದರೆ ಸಾರಿಗೂ ಆದೀತು, ಹಪ್ಪಳಕ್ಕೂ ಆದೀತು.

ಮೊದಲು ಹತ್ತು ಚೀಲ ಇಟ್ಟು ಕೈ ಪಳಗಿಸಿಕೊಳ್ಳಿ. ಬೆಳೆ ಮುಗಿದ ಹುಲ್ಲು ತಿಪ್ಪೆ ಸೇರಿ ಮತ್ತೆ ಗದ್ದೆಗೇ ಗೊಬ್ಬರವಾಗುತ್ತದೆ. ಅಷ್ಟರಮಟ್ಟಿಗೆ ನಷ್ಟವಿಲ್ಲ.